ಮೈಲುತುತ್ತು ಹೊತ್ತ ಪಿಕಪ್

ಬಂಟ್ವಾಳದ ಬಿ.ಸಿ.ರೋಡಿನ ಒಂದು ಗ್ಯಾರೇಜು. ಮಾತಾಡುತ್ತಿರುವವರು ಇಬ್ಬರು. ಒಬ್ಬರು ಅಲ್ಲಿನ ಮೆಕ್ಯಾನಿಕ್. ಇನ್ನೊಬ್ಬರು ಮೂಡುಬಿದಿರೆಯಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತರಾಗಿ, ಈಗ ಬೆಳ್ತಂಗಡಿ ಕಡೆಯ ತಮ್ಮ ಅಡಿಕೆ ತೋಟ ನೋಡಿಕೊಳ್ಳುತ್ತಿರುವವರು. ರಿಪೇರಿಗೆ ಬಂದಿರುವುದು ಅವರದೇ ಪಿಕಪ್.

— ಮಾಷ್ಟ್ರೇ, ಈ ಬೋಲ್ಟ್ ನೋಡಿ. ತಲೆ ಇನ್ನೂ ಹೊಸದರ ಹಾಗೆ ಹೊಳೀತಾ ಉಂಟು. ಅದು ಹಿಡ್ಕೊಂಡಿದ್ದ ತಗಡು ಮಾತ್ರ ಸುತ್ತಲೂ ಪುಡಿಪುಡಿ.

— ಮಳೆಗೆ ಹೋದದ್ದು ಅಂತಲೇ ಎಲ್ಲರೂ ಹೇಳುವುದು. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 3,500ರಿಂದ 4,000 ಮಿಲಿಮೀಟರ್ ಮಳೆ. ಹೆಚ್ಚಿನದೆಲ್ಲ ಜೂನಿನಿಂದ ಸೆಪ್ಟೆಂಬರಿನ ಒಳಗೆ.

— ಮಳೆ ಗಾಡಿಯ ಎಲ್ಲ ಕಡೆಗೂ ಒಂದೇ ಸಮ ಬೀಳ್ತದಲ್ಲ? ಈ ಹಿಂದಿನ ಡೋರಿನ ನಡುವೆ ನೋಡಿ, ಬಣ್ಣ ಮಾಸಿದರೂ ತಗಡು ಗಟ್ಟಿ ಉಂಟು. ಎಸ್ಸೆಸ್ ಬೋಲ್ಟ್ ಕೂತ ಕಡೆ ತಗಡು ತೂತು. ಅಂಚಿಗೆ ಅಲ್ಯುಮಿನಿಯಂ ಪಟ್ಟಿ ಹೊಡೆದ ಕಡೆ ಪಟ್ಟಿಯೇ ಉಬ್ಬಿ ಬಿಳಿ ಪುಡಿ ಕಾರಿದೆ. ನನ್ನ ಕೈಗೆ ಬರುವ ಗಾಡಿಗಳಲ್ಲಿ ಹೆಚ್ಚಿನವು ಹೀಗೇ. ಗಾಡಿ ಹಾಳಾಗಲಿಕ್ಕೆ ಸುರುವಾಗುವುದು ಸಂದಿಯಲ್ಲಿ.

— ಎರಡು ಬೇರೆ ಬೇರೆ ಲೋಹ ಸೇರುವ ಸಂದಿಯಲ್ಲಿ ಅಂತ ಹೇಳಿ. ಆಗ ಮಾತು ಪೂರ್ತಿ ಆಗ್ತದೆ. ನಿಮ್ಮ ಮೀಟರ್ ಕೊಡಿ ನೋಡುವ. ತಾಮ್ರದ ವಯರಿನ ಒಂದು ತುಂಡು, ಸತು ಲೇಪಿಸಿದ ಒಂದು ಹೊಸ ಜಿ.ಐ. ವಾಷರ್, ಒಂದು ಬಟ್ಟೆಚೂರು. ಬಟ್ಟೆಯನ್ನು ಉಪ್ಪುನೀರಿನಲ್ಲಿ ಅದ್ದಿ ಎರಡರ ನಡುವೆ ಇಡಿ. ಈಗ ಮೀಟರಿನ ಒಂದು ಕಡ್ಡಿ ತಾಮ್ರಕ್ಕೆ, ಇನ್ನೊಂದು ವಾಷರಿಗೆ. ಎಷ್ಟು ತೋರಿಸ್ತದೆ?

— ಸೊನ್ನೆ ಬಿಂದು ಏಳು... ಮುಕ್ಕಾಲು ವೋಲ್ಟಿನ ಹತ್ತಿರ ಹೋಗ್ತಾ ಉಂಟು. ಬ್ಯಾಟರಿ ಇಲ್ಲದೆ!

— ಬ್ಯಾಟರಿ ಇಲ್ಲದೆ ಅಲ್ಲ, ಇದೇ ಬ್ಯಾಟರಿ. 1800ರಲ್ಲಿ ಇಟಲಿಯ ವೋಲ್ಟಾ ಮಾಡಿದ್ದೂ ಇದನ್ನೇ. ಸತು ಮತ್ತು ಬೆಳ್ಳಿಯ ಬಿಲ್ಲೆಗಳ ನಡುವೆ ಉಪ್ಪುನೀರಿನಲ್ಲಿ ನೆನೆಸಿದ ರಟ್ಟು ಇಟ್ಟು ಒಂದರ ಮೇಲೊಂದು ಪೇರಿಸಿದ. ಅದಕ್ಕೆ ಒಂಬತ್ತು ವರ್ಷ ಮೊದಲು ಬೊಲೊನ್ಯಾದ ಗಾಲ್ವಾನಿ, ಎರಡು ಲೋಹ ತಾಗಿದಾಗ ಸತ್ತ ಕಪ್ಪೆಯ ಕಾಲು ಅದುರುವುದನ್ನು ಬರೆದಿದ್ದ. ವಿದ್ಯುತ್ತು ಕಪ್ಪೆಯ ಒಳಗೇ ಉಂಟು ಅಂತ ಅವನ ವಾದ, ಲೋಹಗಳಿಂದ ಬಂದದ್ದು ಅಂತ ವೋಲ್ಟಾನ ವಾದ. ಲೋಹಗಳ ವಿಷಯದಲ್ಲಿ ವೋಲ್ಟಾ ಗೆದ್ದ. ಆದರೆ ಈ ತುಕ್ಕಿಗೆ ಗಾಲ್ವನಿಕ್ ಅಂತ ಗಾಲ್ವಾನಿಯ ಹೆಸರೇ ಉಳೀತು. ಈಗ ಆ ಒದ್ದೆ ಬಟ್ಟೆ ತೆಗೆದು ಎರಡನ್ನೂ ಒರೆಸಿ, ಒಣ ಕಾಗದ ಇಟ್ಟು ನೋಡಿ.

— ಸೊನ್ನೆ.

— ಇಷ್ಟೇ ವಿಷಯ. ಎರಡು ಬೇರೆ ಲೋಹ ಬೇಕು, ಅವು ಎಲ್ಲಾದರೂ ಒಂದಕ್ಕೊಂದು ತಾಗಿರಬೇಕು, ಎರಡನ್ನೂ ಮುಟ್ಟುವ ಹಾಗೆ ನೀರು ನಿಂತಿರಬೇಕು. ತಾಗಿದ ಜಾಗದಿಂದ ಎಲೆಕ್ಟ್ರಾನ್ ದಾಟ್ತದೆ, ನೀರಿನ ಮೂಲಕ ಅಯಾನ್ ಹೋಗ್ತದೆ. ಎಲೆಕ್ಟ್ರಾನ್ ಬಿಟ್ಟುಕೊಡುವ ಸ್ವಭಾವ ಯಾವುದಕ್ಕೆ ಹೆಚ್ಚೋ ಆ ಲೋಹ ಕರಗ್ತಾ ಹೋಗ್ತದೆ. ಇನ್ನೊಂದಕ್ಕೆ ಏನೂ ಆಗುವುದಿಲ್ಲ. ಅದು ಹೊಳೀತಾ ಇರ್ತದೆ, ಈ ನಿಮ್ಮ ಬೋಲ್ಟಿನ ಹಾಗೆ.

— ಯಾವುದು ಯಾವುದನ್ನು ತಿನ್ನುತ್ತದೆ ಅಂತ ಲೆಕ್ಕ ಉಂಟಾ?

— ಉಂಟು. ಉಪ್ಪುನೀರಿನಲ್ಲಿ ಸಾಲು ಹೀಗೆ: ಎಲ್ಲಕ್ಕಿಂತ ಮೊದಲು ಕರಗುವುದು ಮೆಗ್ನೀಸಿಯಂ, ಮತ್ತೆ ಸತು, ಮತ್ತೆ ಅಲ್ಯುಮಿನಿಯಂ, ಅದರ ನಂತರ ಕಬ್ಬಿಣ, ಸೀಸ, ಹಿತ್ತಾಳೆ, ತಾಮ್ರ, ಕೊನೆಗೆ ಸ್ಟೇನ್‌ಲೆಸ್ ಸ್ಟೀಲ್, ಅಂದರೆ ನಿಮ್ಮ ಎಸ್ಸೆಸ್. ಅದರಿಂದಲೂ ಆಚೆ ಇಂಗಾಲ. ಸಾಲಿನಲ್ಲಿ ಮುಂದೆ ಇರುವುದು ಹಿಂದೆ ಇರುವುದಕ್ಕಾಗಿ ಕರಗ್ತದೆ. ಅದಕ್ಕೇ ಕಬ್ಬಿಣದ ತಗಡಿಗೆ ಸತು ಹಚ್ಚಿ ಜಿ.ಐ. ಮಾಡುವುದು. ಗೀರು ಬಿದ್ದರೂ ಮೊದಲು ಸತು ಹೋಗ್ತದೆ, ಕಬ್ಬಿಣ ಉಳೀತದೆ.

— ಇಂಗಾಲ ಅಂದ್ರಲ್ಲ, ಈಗ ಅಡಿಕೆಗೆ ಬಂದಿದೆಯಲ್ಲ ಕಾರ್ಬನ್ ಫೈಬರ್ ದೋಟಿ? ಅದಕ್ಕೆ ಅಲ್ಯುಮಿನಿಯಂ ಕ್ಲಾಂಪ್ ಹಾಕಿದ್ದನ್ನು ಒಬ್ಬರು ತಂದಿದ್ದರು. ಕ್ಲಾಂಪಿನ ಒಳಗೆಲ್ಲ ಬಿಳಿ ಪುಡಿ, ಬಿಡಿಸಲಿಕ್ಕೇ ಬರುವುದಿಲ್ಲ.

— ಅದೇ ಕಾರಣ. ಕಾರ್ಬನ್ ಫೈಬರ್ ವಿದ್ಯುತ್ ಹರಿಸ್ತದೆ, ಸಾಲಿನ ತುದಿಯಲ್ಲಿ ಉಂಟು. ಅಲ್ಯುಮಿನಿಯಂ ಅದಕ್ಕೆ ಬಲಿ. ಕಾರ್ಬನ್ ಬಾಡಿಯ ದುಬಾರಿ ಕಾರುಗಳಲ್ಲಿಯೂ ವಿಮಾನಗಳಲ್ಲಿಯೂ ಅಲ್ಯುಮಿನಿಯಂ ತಾಗುವ ಕಡೆ ನಡುವೆ ಗಾಜಿನ ನಾರಿನ ಪದರ ಇಡ್ತಾರೆ. ವಿದ್ಯುತ್ ಹರಿಸ್ತದೆ ಅಂದೆನಲ್ಲ, ಆ ದೋಟಿಯನ್ನು ಲೈನಿನ ಹತ್ತಿರ ಎತ್ತಲೇಬಾರದು. ಇದು ತುಕ್ಕಿಗಿಂತ ದೊಡ್ಡ ಮಾತು. ನಿಮ್ಮಲ್ಲಿಗೆ ಬರುವವರಿಗೆ ನೀವೂ ಹೇಳಿ.

— ಹೇಳ್ತೇನೆ. ಮತ್ತೆ ಮಾಷ್ಟ್ರೇ, ನನಗೆ ಅರ್ಥ ಆಗದ್ದು ಇದು. ಸಮುದ್ರದ ಉಪ್ಪು ಗಾಳಿಗೆ ಉಳ್ಳಾಲ, ಪಣಂಬೂರಿನ ಗಾಡಿ ಹಾಳಾಗುವುದು ಸರಿ. ಬೆಳ್ತಂಗಡಿ ಘಾಟಿಯ ಬುಡದಲ್ಲಿ ಉಂಟು. ಮೂಡುಬಿದಿರೆಯೂ ಕರಾವಳಿಯಿಂದ ಒಳಗೆ. ಅಲ್ಲಿನ ಗಾಡಿಗಳೂ ಯಾಕೆ ಹೀಗೆ?

— ಉಪ್ಪಿದ್ದರೆ ಬೇಗ ಆಗ್ತದೆ, ಉಪ್ಪೇ ಬೇಕು ಅಂತಿಲ್ಲ. ಲೋಹದ ಮೇಲೆ ಕಣ್ಣಿಗೆ ಕಾಣದಷ್ಟು ತೆಳ್ಳಗಿನ ನೀರಿನ ಪದರ ಇದ್ದರೂ ಸಾಕು. ಗಾಳಿಯ ತೇವ ನೂರಕ್ಕೆ 80 ದಾಟಿದ ಪ್ರತಿ ಗಂಟೆಯನ್ನೂ ಲೋಹ ಒದ್ದೆಯಾಗಿರುವ ಗಂಟೆ ಅಂತಲೇ ತುಕ್ಕಿನ ಶಾಸ್ತ್ರದವರು ಎಣಿಸುವುದು. ಜೂನಿನಿಂದ ಸೆಪ್ಟೆಂಬರಿನವರೆಗೆ ಬೆಳ್ತಂಗಡಿಯಲ್ಲಿ ಹಾಗಲ್ಲದ ಗಂಟೆ ಎಷ್ಟು ಸಿಕ್ಕೀತು? ಕೊಡೆಯೇ ಒಣಗುವುದಿಲ್ಲ. ಅದರ ಮೇಲೆ ತೋಟದ ರಸ್ತೆಯ ಕೆಂಪು ಮಣ್ಣು ಮಡ್‌ಗಾರ್ಡಿನ ಒಳಗೆ, ಚಾಸಿಯ ಮೂಲೆಯಲ್ಲಿ ಮೆತ್ತಿಕೊಳ್ತದೆ. ಮಳೆ ನಿಂತು ಎರಡು ದಿನ ಆದರೂ ಆ ಮಣ್ಣು ಒದ್ದೆ.

— ಉಪ್ಪು ಬೆಳ್ತಂಗಡಿಗೆ ಬರುವುದೂ ಉಂಟು, ಗಾಳಿಯಲ್ಲಿ ಅಲ್ಲ, ಮೀನಿನ ಟೆಂಪೋದಲ್ಲಿ. ಮಂಗಳೂರು ದಕ್ಕೆಯಿಂದ ಹೊರಟು ಬಂಟ್ವಾಳ, ಬೆಳ್ತಂಗಡಿ, ಚಾರ್ಮಾಡಿ ಹತ್ತಿ ಮೂಡಿಗೆರೆಗೆ ಹೋಗುವವು ಇವೆಯಲ್ಲ, ಅವುಗಳ ಐಸಿನ ನೀರು ದಾರಿಯುದ್ದಕ್ಕೂ ಸೋರ್ತದೆ. ಆ ಟೆಂಪೋಗಳ ಬಾಡಿ ಕೆಲಸಕ್ಕೆ ಕೈ ಹಾಕಿದರೆ ಗೊತ್ತಾಗ್ತದೆ. ಒಳಗೆ ಅಲ್ಯುಮಿನಿಯಂ ಶೀಟ್, ಅಡಿಯಲ್ಲಿ ಕಬ್ಬಿಣದ ಚೌಕಟ್ಟು, ಎರಡನ್ನೂ ಹಿಡಿದ ರಿವೆಟ್. ರಿವೆಟಿನ ಸುತ್ತ ಬೆರಳು ಹೋಗುವಷ್ಟು ತೂತು.

— ಚೌಕಟ್ಟು ಗಟ್ಟಿ, ಶೀಟ್ ಹೋಗಿರ್ತದೆ. ಅಲ್ವಾ?

— ಸುರುವಿಗೆ ಹೌದು, ಶೀಟೇ. ಅದು ಹೋಗಿ ನೀರು ಒಳಗೆ ನಿಲ್ಲಲಿಕ್ಕೆ ಸುರುವಾದ ಮೇಲೆ ಚೌಕಟ್ಟೂ ಉಳಿಯುವುದಿಲ್ಲ. ಆದರೆ ಮೀನಿನ ಗಾಡಿ ಹಾಳಾದರೆ ಯಾರಿಗೂ ಆಶ್ಚರ್ಯ ಇಲ್ಲ. ಅಡಿಕೆಯವರ ಗಾಡಿಯ ಸಂಗತಿ ಬೇರೆ. ಹಿಂದಿನ ಬಾಡಿ ನೋಡಿದ ಕೂಡಲೇ ಇದು ಅಡಿಕೆಯವರದ್ದು ಅಂತ ಹೇಳ್ತೇನೆ. ಮೂಲೆಯಲ್ಲಿ ನೀಲಿ ಕಲೆ, ಅದರ ಕೆಳಗೆ ಸೂಜಿಯಲ್ಲಿ ಚುಚ್ಚಿದ ಹಾಗೆ ಸಣ್ಣ ಸಣ್ಣ ತೂತುಗಳು. ಸಾಮಾನ್ಯ ತುಕ್ಕು ಹೀಗೆ ಚುಚ್ಚುವುದಿಲ್ಲ.

— ಮೈಲುತುತ್ತು.

— ಹೌದು. ಮದ್ದು ಬಿಡುವ ಸಮಯದಲ್ಲಿ ಮೈಲುತುತ್ತಿನ ಚೀಲ, ಸುಣ್ಣ, ಡ್ರಮ್ಮು, ಪಂಪು ಎಲ್ಲ ಇದರಲ್ಲೇ ಸಾಗುವುದು. ಚೀಲ ಮಳೆಗೆ ಒದ್ದೆಯಾಗಿ ನೀಲಿ ನೀರು ಇಳೀತದೆ.

— ನೀವು ಈಗ ಹೇಳಿದ್ದು ಈ ಊರಿನ ಪ್ರತಿ ತೋಟದವನಿಗೂ ಕಣ್ಣಾರೆ ಕಂಡ ವಿಷಯ. ಬೋರ್ಡೋ ದ್ರಾವಣ ಸರಿಯಾಗಿದೆಯಾ ಅಂತ ಹೇಗೆ ನೋಡ್ತೇವೆ? ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಬೇರೆ ಬೇರೆ ಕರಗಿಸಿ ಸೇರಿಸಿದ ಮೇಲೆ ಉಜ್ಜಿದ ಕತ್ತಿಯನ್ನು ಅದರಲ್ಲಿ ಅದ್ದುತ್ತೇವೆ. ಅಲಗಿಗೆ ಕೆಂಪು ಬಣ್ಣ ಹಿಡಿದರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು. ಆ ಕೆಂಪು ಏನು? ತಾಮ್ರ. ನೀರಿನಲ್ಲಿ ಕರಗಿದ್ದ ತಾಮ್ರ ಕತ್ತಿಯ ಮೇಲೆ ಬಂದು ಕೂತದ್ದು. ಅದು ಕೂರಬೇಕಾದರೆ ಅಷ್ಟೇ ಲೆಕ್ಕದ ಕಬ್ಬಿಣ ಕತ್ತಿಯಿಂದ ನೀರಿಗೆ ಇಳಿದಿರಬೇಕು. ಇಷ್ಟು ನಿಮಿಷದಿಂದ ನಾವು ಮಾತಾಡ್ತಾ ಇರುವ ಇಡೀ ಶಾಸ್ತ್ರ ಆ ಕತ್ತಿಯ ತುದಿಯಲ್ಲಿ ನಡೆದುಹೋಯ್ತು.

— ಅಂದರೆ ಪಿಕಪ್ಪಿನ ತಗಡಿನಲ್ಲಿಯೂ ಅದೇ?

— ಅದೇ, ಮತ್ತೆ ಅಲ್ಲಿಗೆ ನಿಲ್ಲುವುದಿಲ್ಲ. ಕತ್ತಿಯನ್ನು ತೊಳೆದು ಉಜ್ಜಿ ಇಡ್ತೇವೆ. ಪಿಕಪ್ಪಿನ ತಗಡನ್ನು ಯಾರು ಉಜ್ಜುತ್ತಾರೆ? ಬಣ್ಣ ಕಿತ್ತ ಕಡೆ ನೀಲಿ ನೀರು ತಾಗಿ ತಾಮ್ರದ ಸಣ್ಣ ಸಣ್ಣ ಚುಕ್ಕೆ ಕೂರ್ತದೆ. ಇನ್ನು ಎರಡು ಲೋಹ ಬೇಕು ಅಂತ ಹೊರಗಿನಿಂದ ಬೋಲ್ಟ್ ತರಬೇಕಾಗಿಲ್ಲ, ತಗಡಿನ ಮೈಮೇಲೆಯೇ ಎರಡು ಲೋಹ ತಯಾರು. ಮದ್ದಿನ ಕೆಲಸ ಮುಗಿದು ತಿಂಗಳಾದರೂ ಪ್ರತಿ ಮಳೆಗೆ ಆ ಚುಕ್ಕೆಯ ಸುತ್ತಲಿನ ಕಬ್ಬಿಣ ಕರಗ್ತಾ ಇರ್ತದೆ. ನಿಮ್ಮ ಸೂಜಿ ತೂತುಗಳ ಕಾರಣ ಅದು.

— ಸುಣ್ಣ ಸೇರಿಸಿದ ಬೋರ್ಡೋ ಚೆಲ್ಲಿದರೆ? ಅದರಲ್ಲಿ ಕತ್ತಿ ಕೆಂಪಾಗುವುದಿಲ್ಲವಲ್ಲ.

— ಒಳ್ಳೆ ಪ್ರಶ್ನೆ. ಸರಿಯಾದ ಬೋರ್ಡೋದಲ್ಲಿ ತಾಮ್ರ ಕರಗಿದ ರೂಪದಲ್ಲಿ ಇರುವುದಿಲ್ಲ, ಹಾಗಾಗಿ ಚೆಲ್ಲಿದ ಕೂಡಲೇ ಏನೂ ಆಗುವುದಿಲ್ಲ. ಆದರೆ ಬೋರ್ಡೋದ ಗುಣವೇ ಅದು: ಅಡಿಕೆಯ ಗೊನೆಯ ಮೇಲೆ ಒಣಗಿ ಕೂತು, ಮಳೆನೀರಿಗೆ ಸ್ವಲ್ಪ ಸ್ವಲ್ಪವೇ ತಾಮ್ರ ಬಿಡುವುದು. ಕೊಳೆರೋಗದ ರೋಗಾಣುವನ್ನು ಕೊಲ್ಲುವುದು ಆ ತಾಮ್ರ. ಗೊನೆಯ ಮೇಲೆ ಬಿಟ್ಟ ಹಾಗೆಯೇ ಗಾಡಿಯ ಮೇಲೆಯೂ ಬಿಡ್ತದೆ. ಅಲ್ಯುಮಿನಿಯಂ ಆದರೆ ಕಷ್ಟ ಎರಡು ಪಟ್ಟು, ಯಾಕೆಂದರೆ ತಾಮ್ರ ಒಂದು ಕಡೆ, ಸುಣ್ಣದ ಕ್ಷಾರ ಇನ್ನೊಂದು ಕಡೆ. ಅಲ್ಯುಮಿನಿಯಂ ಮೇಲಿನ ರಕ್ಷಣೆಯ ಪದರವನ್ನು ಸುಣ್ಣದ ನೀರು ಕರಗಿಸ್ತದೆ.

— ಹಾಗಂತ ಮೈಲುತುತ್ತು ಬಿಟ್ಟುಬಿಡಲಿಕ್ಕೆ ಆಗ್ತದಾ?

— ಸಾಧ್ಯವೇ ಇಲ್ಲ. ಫ್ರಾನ್ಸಿನ ದ್ರಾಕ್ಷಿ ತೋಟಕ್ಕೆ 1885ರಲ್ಲಿ ಮಿಲ್ಲಾರ್ಡೆ ಪ್ರಕಟಿಸಿದ ಮದ್ದು ಅದು. ಮೈಸೂರು ಸಂಸ್ಥಾನದಲ್ಲಿದ್ದ ವಿಜ್ಞಾನಿ ಕೋಲ್ಮನ್ ಅದನ್ನು ಅಡಿಕೆಯ ಕೊಳೆರೋಗಕ್ಕೆ ಹೊಂದಿಸಿದರು. ರೋಗದ ಬಗ್ಗೆ ಅವರು ವಿವರವಾಗಿ ಬರೆದದ್ದು 1910ರಲ್ಲಿ. ನಿಮ್ಮ ಬಂಟ್ವಾಳ ತಾಲೂಕಿನ ವಿಟ್ಲದಲ್ಲಿ 1956ರಿಂದ ಅಡಿಕೆ ಸಂಶೋಧನಾ ಕೇಂದ್ರ ಉಂಟು. ಇಷ್ಟು ಕಾಲದಲ್ಲಿ ಎಷ್ಟೋ ಹೊಸ ಮದ್ದು ಬಂದರೂ ನಮ್ಮ ತೋಟಗಳು ಇಂದಿಗೂ ನಂಬಿರುವುದು ಬೋರ್ಡೋವನ್ನೇ. ಅಡಿಕೆ ಉಳಿಯಬೇಕು, ಗಾಡಿಯೂ ಉಳಿಯಬೇಕು. ಎರಡೂ ಆಗುವ ಕೆಲಸ ಇದು. ತಾಮ್ರ ಎಲ್ಲಿ ಕರಗಬೇಕು, ಎಲ್ಲಿ ಕರಗಬಾರದು ಅಂತ ನಾವು ನೋಡಿಕೊಳ್ಳಬೇಕು, ಅಷ್ಟೇ. ಇದೇ ತೊಡಕಿನಲ್ಲಿ ಇಂಗ್ಲಿಷರ ನೌಕಾದಳವೇ ಸಿಕ್ಕಿಬಿದ್ದಿತ್ತು.

— ಹಡಗಿಗೂ ಮೈಲುತುತ್ತಾ?

— ತಾಮ್ರ. ಮರದ ಹಡಗಿನ ತಳಕ್ಕೆ ಪಾಚಿ, ಚಿಪ್ಪು ಹತ್ತಬಾರದು, ಹುಳ ಕೊರೆಯಬಾರದು ಅಂತ 1761ರಲ್ಲಿ ಅಲಾರ್ಮ್ ಎನ್ನುವ ಹಡಗಿಗೆ ತಾಮ್ರದ ತಗಡು ಹೊದಿಸಿದರು. ಎರಡು ವರ್ಷ ಬಿಟ್ಟು ನೋಡಿದರೆ ತಗಡು ಚೆನ್ನಾಗಿತ್ತು, ಅದನ್ನು ಹಿಡಿದಿದ್ದ ಕಬ್ಬಿಣದ ಮೊಳೆಗಳು ತಿಂದುಹೋಗಿದ್ದವು. ಕೆಲವು ಮೊಳೆ ಮಾತ್ರ ಉಳಿದಿದ್ದವು. ಯಾಕೆ ಅಂತ ನೋಡಿದರೆ, ತಗಡಿಗೆ ಸುತ್ತಿ ತಂದಿದ್ದ ಕಂದು ಕಾಗದದ ಚೂರು ಆ ಮೊಳೆಗಳ ತಲೆಯ ಅಡಿಯಲ್ಲಿ ಹಾಗೇ ಸಿಕ್ಕಿಕೊಂಡಿತ್ತು.

— ನಾವು ರಬ್ಬರ್ ವಾಷರ್ ಹಾಕುವ ಹಾಗೆ!

— ಅದೇ. ಮೊಳೆ ತಾಮ್ರವನ್ನು ಮುಟ್ಟಲಿಲ್ಲ, ಬದುಕಿತು. ಆಮೇಲೆ 1824ರಲ್ಲಿ ವಿಜ್ಞಾನಿ ಹಂಫ್ರಿ ಡೇವಿ ಇನ್ನೊಂದು ಕ್ರಮ ಮಾಡಿದ. ತಾಮ್ರದ ತಗಡೂ ಸಮುದ್ರದಲ್ಲಿ ಸವೆಯದ ಹಾಗೆ ಅದಕ್ಕೆ ಸತುವಿನ, ಕಬ್ಬಿಣದ ತುಂಡುಗಳನ್ನು ಜೋಡಿಸಿದ. ಸತು ಕರಗಿತು, ತಾಮ್ರ ಚೂರೂ ಸವೆಯಲಿಲ್ಲ. ಆದರೆ ತಾಮ್ರ ಕರಗದೆ ಇದ್ದದ್ದರಿಂದ ಅದರ ವಿಷ ನೀರಿಗೆ ಇಳಿಯಲಿಲ್ಲ, ಚಿಪ್ಪುಗಳು ಮತ್ತೆ ಹತ್ತಿದವು! ಹಡಗು ನಿಧಾನವಾಯ್ತು. ತಾಮ್ರ ಕರಗಿದರೆ ಮಾತ್ರ ಅದು ಮದ್ದು. ನಮ್ಮ ಗೊನೆಯಲ್ಲಿ ಆಗುವುದೂ ಅದೇ. ಆದರೆ ಡೇವಿಯ ಸತು ವ್ಯರ್ಥ ಆಗಲಿಲ್ಲ. ಉಕ್ಕಿನ ಹಡಗುಗಳ ತಳಕ್ಕೆ, ಪ್ರೊಪೆಲ್ಲರಿನ ಹತ್ತಿರ ಈಗಲೂ ಸತುವಿನ ಗಟ್ಟಿ ಜೋಡಿಸ್ತಾರೆ, ಸವೆದಾಗ ಬದಲಿಸ್ತಾರೆ.

— ಹಾಗಾದರೆ ಎಸ್ಸೆಸ್ ಹಾಕಲೇಬಾರದು ಅಂತ ನಾನು ಗಿರಾಕಿಗಳಿಗೆ ಹೇಳುವುದು ಸರಿಯೇ. ಮೂಡುಬಿದಿರೆ ಕಡೆಯಿಂದ ಬರುವ ಎಷ್ಟೋ ಗಾಡಿಗಳಿಗೆ ಮುಂದೆ ಹಿಂದೆ ಎಸ್ಸೆಸ್ ಗಾರ್ಡ್, ಪಕ್ಕಕ್ಕೆ ಎಸ್ಸೆಸ್ ಫುಟ್‌ಸ್ಟೆಪ್. ಚಂದಕ್ಕೆ.

— ಅಷ್ಟು ಖಡಾಖಂಡಿತ ಬೇಡ. ಯಾವುದು ದೊಡ್ಡದು, ಯಾವುದು ಸಣ್ಣದು ಅನ್ನುವುದು ಮುಖ್ಯ. ದೊಡ್ಡ ತಾಮ್ರದ ತಗಡಿಗೆ ಸಣ್ಣ ಕಬ್ಬಿಣದ ಮೊಳೆ, ಅದು ನಾಶ. ದೊಡ್ಡ ಕಬ್ಬಿಣಕ್ಕೆ ಸಣ್ಣ ತಾಮ್ರದ ಮೊಳೆ ಆದರೆ ಅಷ್ಟು ಬೇಗ ಏನೂ ಆಗುವುದಿಲ್ಲ, ಕರಗುವ ಭಾರ ದೊಡ್ಡ ಮೈಯಲ್ಲಿ ಹಂಚಿಹೋಗ್ತದೆ. ಆ ಲೆಕ್ಕದಲ್ಲಿ ದೊಡ್ಡ ಬಾಡಿಗೆ ಸಣ್ಣ ಎಸ್ಸೆಸ್ ಬೋಲ್ಟ್ ನಡೆಯಬೇಕು.

— ಆದರೆ ಈ ಡೋರಿನಲ್ಲಿ ನಡೆದಿಲ್ಲವಲ್ಲ.

— ಬಣ್ಣ ಉಂಟಲ್ಲ, ಅದಕ್ಕೆ. ತಗಡು ದೊಡ್ಡದು, ಆದರೆ ಅದರಲ್ಲಿ ನೀರಿಗೆ ತೆರೆದಿರುವ ಜಾಗ ಎಷ್ಟು? ಬೋಲ್ಟ್ ಬಿಗಿಯುವಾಗ ತಲೆಯ ಅಡಿಯಲ್ಲಿ ಬಣ್ಣ ಕಿತ್ತು ಒಂದು ಉಂಗುರದಷ್ಟು. ಹೊಳೆಯುವ ಬೋಲ್ಟ್ ಅದಕ್ಕಿಂತ ದೊಡ್ಡದು. ಇನ್ನು ಗಾರ್ಡ್ ಆದರೆ ಕೈಯುದ್ದದ ಕೊಳವೆ. ಅಷ್ಟೂ ಉಕ್ಕಿನ ಹಸಿವು ಆ ಉಂಗುರದ ಮೇಲೆ. ಕರಗುವ ಲೋಹಕ್ಕೆ ಮಾತ್ರ ಬಣ್ಣ ಹೊಡೆದು ಇನ್ನೊಂದನ್ನು ಬಿಡುವುದು ತುಂಬ ಅಪಾಯ. ಹೊಡೆಯುವುದಾದರೆ ಎರಡಕ್ಕೂ ಹೊಡೀಬೇಕು. ಒಂದಕ್ಕೇ ಹೊಡೆಯುವುದಾದರೆ, ಕೇಳಲಿಕ್ಕೆ ವಿಚಿತ್ರ ಅನಿಸೀತು, ತುಕ್ಕು ಹಿಡಿಯದ ಲೋಹಕ್ಕೆ ಹೊಡೀಬೇಕು.

— ಇದು ನನಗೆ ಹೊಸದು. ಇಷ್ಟು ವರ್ಷ ಬೋಲ್ಟಿನ ತಲೆ ಬಿಟ್ಟು ಸುತ್ತ ಪ್ರೈಮರ್ ಹೊಡೆಯುವುದೇ ಎಲ್ಲ ಗ್ಯಾರೇಜಿನ ಕ್ರಮ. ಇನ್ನು ನಾನು ಒಂದು ಹೇಳ್ತೇನೆ. ಬಾಡಿ ಹೋದರೆ ಕಣ್ಣಿಗೆ ಕಾಣ್ತದೆ, ತೇಪೆ ಹಾಕಬಹುದು. ನನಗೆ ಹೊಟ್ಟೆ ಉರಿಯುವುದು ಇಂಜಿನಿನ ಒಳಗೆ ಹೋದಾಗ. ಹಳೆಯ ಸರ್ವಿಸ್ ಜೀಪುಗಳ ಕಾಲದಲ್ಲಿ ಬ್ಲಾಕೂ ಹೆಡ್ಡೂ ಬೀಡುಕಬ್ಬಿಣ, ರೇಡಿಯೇಟರ್ ಮಾತ್ರ ತಾಮ್ರ–ಹಿತ್ತಾಳೆ. ತೋಡಿನ ನೀರು ಹಾಕಿದರೂ ಓಡ್ತಿತ್ತು. ಈಗ ಎಷ್ಟೋ ಇಂಜಿನ್‌ಗಳಲ್ಲಿ ಬ್ಲಾಕ್ ಬೀಡು, ಹೆಡ್ ಅಲ್ಯುಮಿನಿಯಂ, ರೇಡಿಯೇಟರೂ ಅಲ್ಯುಮಿನಿಯಂ. ಗಿರಾಕಿಗಳ ಅಭ್ಯಾಸ ಮಾತ್ರ ತೋಡಿನ ನೀರಿನದ್ದೇ.

— ಭಾರ ಕಮ್ಮಿ ಮಾಡಲಿಕ್ಕೆ ಅಲ್ಯುಮಿನಿಯಂ ತಂದದ್ದು. ಉಕ್ಕಿನ ಮೂರನೇ ಒಂದು ಪಾಲು ತೂಕ, ಡೀಸೆಲೂ ಉಳೀತದೆ. ಆದರೆ ಹೆಡ್‌ಬೋಲ್ಟ್ ಎರಡನ್ನೂ ಬೆಸೆದಿರ್ತದೆ, ಎರಡರ ಒಳಗೂ ಒಂದೇ ನೀರು ತಿರುಗ್ತದೆ, ಅದೂ ಬಿಸಿ ನೀರು. ಮೂರೂ ಷರತ್ತು ಪೂರ್ತಿ.

— ಕೂಲಂಟ್ ಹಾಕಿ ಅಂದರೆ ಏನು ಹೇಳ್ತಾರೆ ಗೊತ್ತುಂಟಾ? "ನಮ್ಮಲ್ಲಿ ಹಿಮ ಬೀಳ್ತದಾ ಮಾರಾಯ್ರೆ, ನೀರು ಸಾಕು." ಅವರ ಮೇಲೆ ಸಿಟ್ಟು ಮಾಡಿ ಪ್ರಯೋಜನ ಇಲ್ಲ, ಅವರಿಗೆ ಯಾರೂ ಸರಿಯಾಗಿ ಹೇಳಿಲ್ಲ. ಡಬ್ಬಿಯ ಮೇಲೆ ಹಿಮದ ಚಿತ್ರ, ನಮಗೆ ಬೇಕಾದ್ದು ಅದರ ಒಳಗಿನ ತುಕ್ಕಿನ ಮದ್ದು. ಹೆಡ್ ಬಿಚ್ಚಿದಾಗ ನಾನು ಕರೆದು ತೋರಿಸ್ತೇನೆ: ನೀರಿನ ದಾರಿಯ ಸುತ್ತ ಅಲ್ಯುಮಿನಿಯಂ ಕೊರೆದುಹೋಗಿ ಗ್ಯಾಸ್ಕೆಟಿನ ಅಂಚಿನವರೆಗೆ ಬಂದಿರ್ತದೆ. ಇನ್ನೊಂದು ಸ್ವಲ್ಪ ಹೋದರೆ ನೀರು ಸಿಲಿಂಡರಿಗೆ. ಥರ್ಮೋಸ್ಟಾಟ್ ಹೌಸಿಂಗ್ ಮುಟ್ಟಿದರೆ ಉದುರ್ತದೆ. ಪಾಪ, ಸಾಲ ಮಾಡಿ ಗಾಡಿ ತಕ್ಕೊಂಡವರು. ಕೂಲಂಟಿನ ಖರ್ಚು ಎಷ್ಟು, ಹೆಡ್ಡಿನ ಖರ್ಚು ಎಷ್ಟು!

— ನಮ್ಮ ಮುರಕಲ್ಲಿನ ಬಾವಿಯ ನೀರು ಕುಡಿಯಲಿಕ್ಕೆ ರುಚಿ. ಆದರೆ ಹಲವು ಕಡೆ ಅದು ತುಸು ಹುಳಿ ಬದಿಯದ್ದು. ಬೋರ್‌ವೆಲ್ ನೀರಿನಲ್ಲಿ ಲವಣ. ಎರಡೂ ಅಲ್ಯುಮಿನಿಯಂಗೆ ಹೇಳಿದ್ದಲ್ಲ. ಕೂಲಂಟಿನ ಒಳಗಿನ ರಾಸಾಯನಿಕ ಲೋಹದ ಮೈಗೆ ತೆಳ್ಳಗಿನ ಪದರವಾಗಿ ಕೂತು ಕಾಯ್ತದೆ. ಅದು ಖರ್ಚಾಗುವ ವಸ್ತು. ಬಣ್ಣ ಹಾಗೇ ಇದ್ದರೂ ಮದ್ದು ಮುಗಿದಿರಬಹುದು.

— ಅದಕ್ಕೇ ಕಂಪನಿ ಹೇಳಿದ ಅವಧಿಗೆ ಬದಲಿಸಬೇಕು ಅನ್ನುವುದು. ಬೆರೆಸುವ ನೀರು ಡಿಸ್ಟಿಲ್ಡ್ ಆಗಬೇಕು. ಹಸುರು, ಕೆಂಪು ಎರಡನ್ನೂ ಬೆರೆಸಬಾರದು. ಮತ್ತೆ ಇನ್ನೊಂದು: ಅಲ್ಯುಮಿನಿಯಂ ಹೆಡ್ಡಿನ ಗಾಡಿಗೆ "ಗಟ್ಟಿ ಬರ್ತದೆ" ಅಂತ ಹಳೆಯ ತಾಮ್ರದ ರೇಡಿಯೇಟರ್ ಕೂರಿಸ್ತಾರೆ.

— ಕೂಲಂಟಿನ ಶಕ್ತಿ ಮುಗಿದ ದಿನ ತಾಮ್ರ ಚೂರು ಚೂರೇ ಕರಗಿ ಹೆಡ್ಡಿನ ಮೇಲೆ ಕೂರ್ತದೆ. ಪಿಕಪ್ಪಿನ ಹಿಂದೆ ಚೆಲ್ಲಿದ ಮೈಲುತುತ್ತಿನ ಕೆಲಸ ಇಂಜಿನಿನ ಒಳಗೆ ಸುರು.

— ಬ್ಯಾಟರಿಯ ಟರ್ಮಿನಲ್ಲಿನಲ್ಲಿ ನೀಲಿ ಹಸುರು ಬೆಳೀತದಲ್ಲ, ಅದೂ ಇದೇನಾ?

— ಅದನ್ನು ಪೂರ್ತಿ ಗಾಲ್ವನಿಕ್ ಅಂತ ಹೇಳಲಿಕ್ಕೆ ನನಗೆ ಮನಸ್ಸು ಬರುವುದಿಲ್ಲ. ಬ್ಯಾಟರಿಯ ಗಂಧಕಾಮ್ಲದ ಹಬೆ ತಾಮ್ರದ ಕೇಬಲಿಗೆ ತಾಗಿ ಆದದ್ದು. ಗಂಧಕಾಮ್ಲ ಮತ್ತು ತಾಮ್ರ ಸೇರಿದರೆ ಏನು? ತಾಮ್ರದ ಸಲ್ಫೇಟ್.

— ಅಂದರೆ...

— ಮೈಲುತುತ್ತೇ. ಅಂಗಡಿಯಿಂದ ತಂದು ತೋಟಕ್ಕೆ ಬಿಡುವ ಅದೇ ವಸ್ತು ಬಾನೆಟಿನ ಅಡಿಯಲ್ಲಿಯೂ ತಯಾರಾಗ್ತಾ ಉಂಟು. ಅದು ಒದ್ದೆಯಾಗಿ ಬ್ಯಾಟರಿ ಕೂತ ಕಬ್ಬಿಣದ ತಟ್ಟೆಗೆ ಇಳಿದರೆ ಮುಂದಿನ ಕಥೆ ಹೇಳಬೇಕಾಗಿಲ್ಲ.

— ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ತೊಳೆದು, ಒಣಗಿಸಿ, ಬಿಗಿದ ಮೇಲೆ ಜೆಲ್ಲಿ ಹಚ್ಚುವುದು ನಮ್ಮ ಕ್ರಮ. ಅದಕ್ಕಿಂತ ಎಲ್ಲರೂ ಮರೆಯುವುದು ಅರ್ಥಿಂಗ್ ಪಟ್ಟಿ. ತಾಮ್ರದ ಹೆಣೆದ ಪಟ್ಟಿ, ಒಂದು ತುದಿ ಅಲ್ಯುಮಿನಿಯಂ ಗೇರ್‌ಬಾಕ್ಸಿಗೆ, ಇನ್ನೊಂದು ಕಬ್ಬಿಣದ ಚಾಸಿಗೆ. ರಸ್ತೆಯ ನೀರು ನೇರ ಅದಕ್ಕೇ ಎರಚುವುದು. ಆ ಜೋಡಣೆ ಸತ್ತರೆ ಮೊದಲು ಹೆಡ್‌ಲೈಟ್ ಮಂಕಾಗ್ತದೆ, ಸ್ಟಾರ್ಟರ್ ಎಳೆಯುವುದಿಲ್ಲ. ಜನ ಹೊಸ ಬ್ಯಾಟರಿ ಹಾಕಿಸ್ತಾರೆ. ಸರಿಯಾಗುವುದಿಲ್ಲ, ಸ್ಟಾರ್ಟರ್ ಬಿಚ್ಚಿಸ್ತಾರೆ. ಚಾರ್ಮಾಡಿಯ ತಿರುವಿನಲ್ಲಿ ಮಂಜು ಕವಿದಿರುವಾಗ ಲೈಟ್ ಮಂಕಾದರೆ ಜೀವದ ಪ್ರಶ್ನೆ ಅದು. ನಾನು ಮಳೆಗಾಲಕ್ಕೆ ಮೊದಲು ಬಂದ ಪ್ರತಿ ಗಾಡಿಯದ್ದೂ ಆ ಬೋಲ್ಟ್ ಬಿಚ್ಚಿ, ಉಜ್ಜಿ, ಬಿಗಿದು, ಮೇಲಿನಿಂದ ಗ್ರೀಸ್ ಹಚ್ಚಿ ಬಿಡ್ತೇನೆ.

— ಅಲ್ಲಿ ರಬ್ಬರ್ ಇಟ್ಟು ಬೇರೆ ಮಾಡಲಿಕ್ಕೆ ಆಗುವುದಿಲ್ಲ, ಕರೆಂಟು ದಾಟಲೇಬೇಕು. ಹಾಗಾಗಿ ನೀರನ್ನು ಹೊರಗಿಡುವುದೊಂದೇ ದಾರಿ. ನಿಮ್ಮ ಗ್ರೀಸ್ ಮಾಡುವುದು ಅದನ್ನೇ. ತವರ ಬಳಿದ ಪಟ್ಟಿ ಸಿಕ್ಕಿದರೆ ಇನ್ನೂ ಒಳ್ಳೆಯದು, ಬರೀ ತಾಮ್ರದಷ್ಟು ಅಂತರ ಇರುವುದಿಲ್ಲ.

— ಅಲಾಯ್ ವೀಲ್ ವಿಷಯ ಕೇಳಿ. ಮೂಡುಬಿದಿರೆಯಿಂದ ಒಬ್ಬರು ಪಂಕ್ಚರ್ ಆಗಿ ದಾರಿಯಲ್ಲಿ ನಿಂತು ಕರೆದಿದ್ದರು. ನಾಲ್ಕೂ ನಟ್ ತೆಗೆದಿದ್ದಾರೆ, ಚಕ್ರ ಮಾತ್ರ ಬರುವುದಿಲ್ಲ. ರಾತ್ರಿ, ಮಳೆ, ಗಾಡಿಯಲ್ಲಿ ಮಕ್ಕಳು. ಹಬ್ಬಿನ ಕಬ್ಬಿಣಕ್ಕೆ ಅಲ್ಯುಮಿನಿಯಂ ಚಕ್ರ ಬಿಳಿ ಪುಡಿಯಿಂದ ಬೆಸೆದುಕೊಂಡಿತ್ತು.

— ಅಲ್ಯುಮಿನಿಯಂನ ತುಕ್ಕು ಲೋಹಕ್ಕಿಂತ ಹೆಚ್ಚು ಜಾಗ ಬೇಡ್ತದೆ. ಸಂದಿಯಲ್ಲಿ ಉಬ್ಬಿ ಬಿಗೀತದೆ.

— ಸ್ಪಾರ್ಕ್ ಪ್ಲಗ್ಗಿನದ್ದೂ ಅದೇ ಹಣೆಬರಹ. ಉಕ್ಕಿನ ಪ್ಲಗ್, ಅಲ್ಯುಮಿನಿಯಂ ಹೆಡ್. ವರ್ಷಗಟ್ಟಲೆ ಬಿಚ್ಚದೆ ಇಟ್ಟು, ಬಿಸಿ ಇಂಜಿನ್‌ನಲ್ಲಿ ಬಲ ಹಾಕಿ ತಿರುಗಿಸಿದರೆ ಹೆಡ್ಡಿನ ಥ್ರೆಡ್ಡೇ ಪ್ಲಗ್ಗಿನ ಜೊತೆ ಹೊರಗೆ ಬರ್ತದೆ. ಇಂಜಿನ್ ತಣಿದ ಮೇಲೆಯೇ ಬಿಚ್ಚಬೇಕು ಅಂತ ಹುಡುಗರಿಗೆ ಎಷ್ಟು ಹೇಳಿದರೂ ಅವಸರ.

— ಸರಿ, ಈಗ ನಮ್ಮ ಪಿಕಪ್ಪಿಗೆ ಏನು ಮಾಡುವ? ಹಿಂದೆ ದಪ್ಪ ರಬ್ಬರ್ ಮ್ಯಾಟ್ ಹಾಸಿಬಿಟ್ಟರೆ ಮೈಲುತುತ್ತು ತಗಡಿಗೆ ತಾಗುವುದಿಲ್ಲ ಅಂತ ನನ್ನ ಯೋಚನೆ.

— ಅದು ಬೇಡ ಮಾಷ್ಟ್ರೇ. ಮ್ಯಾಟಿನ ಅಡಿಗೆ ನೀಲಿ ನೀರು ನುಸುಳಿದರೆ ಮತ್ತೆ ಒಣಗುವುದೇ ಇಲ್ಲ. ಮ್ಯಾಟ್ ಹಾಸಿದ ಗಾಡಿಗಳಲ್ಲಿ ಮ್ಯಾಟ್ ಎತ್ತಿದಾಗ ಅಡಿಯಲ್ಲಿ ತಗಡೇ ಇಲ್ಲದ್ದು ನೋಡಿದ್ದೇನೆ. ಅಂಚು ಎತ್ತರ ಇರುವ ಪ್ಲಾಸ್ಟಿಕ್ ಟ್ರೇ ತನ್ನಿ, ಗಾಡಿಯಿಂದ ಹೊರಗೆ ತೆಗೆಯಲಿಕ್ಕೆ ಬರುವಂಥದ್ದು. ಮೈಲುತುತ್ತಿನ ಚೀಲ ಮುಚ್ಚಳದ ಪ್ಲಾಸ್ಟಿಕ್ ಡ್ರಮ್ಮಿನೊಳಗೇ ಇರಲಿ.

— ಒಪ್ಪಿದೆ. ಮದ್ದು ಬಿಟ್ಟ ದಿನವೇ ಸಂಜೆ ಹಿಂದಿನ ಬಾಡಿಗೆ ನೀರು ಹೊಡೆದು ತೊಳೆಯುವುದು ನನ್ನ ಪಾಲಿನದ್ದು. ಆ ತೊಳೆದ ನೀರು ಬಾವಿ, ತೋಡಿನ ಕಡೆ ಹೋಗಬಾರದು, ತಾಮ್ರ ಮೀನಿಗೆ ವಿಷ. ಗಾಡಿಯನ್ನು ತೋಟದ ಒಳಗೇ ಇಳಿಜಾರಿಗೆ ನಿಲ್ಲಿಸಿ ತೊಳೀತೇನೆ.

— ಇಳಿಜಾರಿಗೆ ನಿಲ್ಲಿಸಿದರೂ ಈ ಮೂಲೆಯ ನೀರು ಹೋಗಲಿಕ್ಕೆ ದಾರಿ ಇಲ್ಲ. ಡ್ರೈನ್ ತೂತು ಮಣ್ಣು ಕಟ್ಟಿ ಮುಚ್ಚಿದೆ. ಅದನ್ನು ಈಗಲೇ ಬಿಡಿಸ್ತೇನೆ. ಡೋರಿನ ತಗಡು ಕತ್ತರಿಸಿ ಹೊಸದು ಬೆಸೆಯಬೇಕು. ಬೋಲ್ಟ್ ಯಾವುದು ಹಾಕಲಿ?

— ತಗಡು ಕಬ್ಬಿಣದ್ದಾದರೆ ಸತು ಲೇಪಿಸಿದ ಕಬ್ಬಿಣದ ಬೋಲ್ಟೇ ಹಾಕಿ. ತಲೆಯ ಅಡಿಗೆ ನೈಲಾನ್ ವಾಷರ್, ಬೋಲ್ಟಿನ ಮೈಗೂ ಒಂದು ಪ್ಲಾಸ್ಟಿಕ್ ತೋಳು. ತಲೆಯ ಅಡಿಯಲ್ಲಿ ವಾಷರ್ ಇಟ್ಟು ತೂತಿನ ಒಳಗೆ ಮೈ ತಾಗಿದರೆ ಏನೂ ಪ್ರಯೋಜನ ಇಲ್ಲ. ಬಿಗಿದ ಮೇಲೆ ತಗಡಿಗೂ ಬೋಲ್ಟಿನ ತಲೆಗೂ ಸೇರಿಸಿ ಬಣ್ಣ.

— ತಲೆಗೂ. ಅದನ್ನು ಮರೆಯುವುದಿಲ್ಲ. ಅಲ್ಯುಮಿನಿಯಂ ಪಟ್ಟಿ ವಾಪಸ್ ಹಾಕಬೇಕಾ?

— ಅದರಿಂದ ಕೆಲಸ ಏನಿದೆ?

— ಕೆಲಸ ಏನಿಲ್ಲ, ಚಂದಕ್ಕೆ.

— ಹಾಗಾದರೆ ತೆಗೆದುಬಿಡಿ. ಆ ರಿವೆಟಿನ ತೂತುಗಳನ್ನೂ ಬೆಸೆದು ಮುಚ್ಚಿ. ಎರಡನೇ ಮದ್ದು ಜುಲೈ ಕೊನೆಗೆ ಬರ್ತದೆ. ಅದು ಮುಗಿದು ತೊಳೆದ ಮೇಲೆ ಗಾಡಿ ತರ್ತೇನೆ. ಒಂದು ಬೋಲ್ಟ್ ಬಿಚ್ಚಿ ವಾಷರಿನ ಅಡಿ ಹೇಗಿದೆ ಅಂತ ಇಬ್ಬರೂ ಸೇರಿ ನೋಡುವ. ಅರ್ಥಿಂಗ್ ಪಟ್ಟಿಯನ್ನು ಮಾತ್ರ ಇವತ್ತೇ ಬಿಚ್ಚಿ, ನನಗೆ ರಾತ್ರಿ ಗುರುವಾಯನಕೆರೆ ದಾಟಿ ಹೋಗಲಿಕ್ಕುಂಟು.